ತೇಲಿದ ಏಳು

೧೪ ಮೇ ೧೯೮೭
ತಾನ್ಯೋನ್ ಜಲಸಂಧಿಯ ದಂಡೆ

ಮಗಳೇ ಮೆನಾ,

ಚೆನ್ನಾಗಿದ್ದೀಯಲ್ಲ? ಕ್ರಿಸ್‌ಮಸ್ ಆದಮೇಲೆ ನಾನು ಒಂದು ಸಾಲೂ ಬರೆಯಲಿಲ್ಲ. ಸೊಂಟನೋವು ಎಂದು ನಿನ್ನ ಅಮ್ಮ ತಿಳಿಸಿರಬೇಕು. ಸೊಂಟ ನೋಯುವುದು ನಿಜ. ಬರೆಯದೆ ಇದ್ದದ್ದು ಅದಕ್ಕಲ್ಲ.

ಅಮ್ಮ ಆರಾಮವಾಗಿದ್ದಾಳೆ. ಹಂದಿ ಎಂಟು ಮರಿ ಹಾಕಿದೆ. ಪಕ್ಕದ ಮನೆಯ ಪ್ಲಾಸಿದೊ ಸಮುದ್ರದಾಳದ ಚಿಪ್ಪುಜೀವಿ ಲಾಗಂಗ್ ಹಿಡಿಯುವ ಬಿದಿರು ಬುಟ್ಟಿ ಬಿಟ್ಟು ಈಗ ಕೋಳಿಗೂಡು ಹೆಣೆಯುತ್ತಾನೆ. "ಕೋಳಿ ಕೊಯ್ದು ಎರೆ ಅಂತ ಸಮುದ್ರಕ್ಕೆ ಇಳಿಸೋ ಬದಲು ನೀನೇ ತಿನ್ನೋ ತಿಬುರ್ಸಿಯೊ, ಮೈಯಾದ್ರೂ ಬರುತ್ತೆ" ಎಂದು ದಿನಾ ಹಂಗಿಸುತ್ತಾನೆ. ಲಾಗಂಗ್‌ಗೆ ನೀನು ಕಾಲೇಜಿನಿಂದ ತಂದ ಹೆಸರನ್ನು ಮಾತ್ರ ಮರೆತಿಲ್ಲ. "ಟೆಟ್ರಾಬ್ರಾಂಕಿಯಾಟ! ಹೇಳಿ ಮುಗಿಸೋದ್ರೊಳಗೆ ಲಾಗಂಗ್ ಬೆಂದೇ ಹೋಗುತ್ತಲ್ಲೋ!"

ನಾಲ್ಕು ಕಿವಿರಿನದು ಎಂದು ನೀನು ಅರ್ಥ ಹೇಳಿದ್ದೆ. ಮೂವತ್ತು ವರ್ಷ ಆ ಪಟ್ಟೆಪಟ್ಟೆ ಚಿಪ್ಪನ್ನು ಬರಿದು ಮಾಡಿ ಮಾರಿದವನು ನಾನು, ಒಮ್ಮೆಯೂ ಕಿವಿರು ಎಣಿಸಿರಲಿಲ್ಲ. "ಅದು ಮೊಟ್ಟೆ ಇಡೋ ವಯಸ್ಸಿಗೆ ಬರೋಕೆ ಹತ್ತು ಹದಿನೈದು ವರ್ಷ ಬೇಕಪ್ಪ. ಉಳಿದಿರೋದನ್ನ ಬಿಟ್ಬಿಡು" ಅಂದೆ ನೀನು. ಹಬ್ಬದೂಟದ ಮುಂದೆ ನಾನು ಕೂಗಾಡಿದೆ: "ನಿನ್ನನ್ನ ಓದಿಸ್ತಿರೋದು ಇದೇ ಲಾಗಂಗ್ ಕಣೇ!" ನೀನು ಊಟ ಬಿಟ್ಟು ಎದ್ದು ಹೋದೆ.

ಈ ವರ್ಷ ನಲವತ್ತು ದಿನ ಬುಟ್ಟಿ ಇಳಿಸಿದೆ. ನೂರಿಪ್ಪತ್ತು ಮಾರು ಹಗ್ಗ ಎಳೆದಾಗಲೆಲ್ಲ ಬರೀ ಕೋಳಿಮೂಳೆ. ಮೊನ್ನೆ ಬೆಳಿಗ್ಗೆ ಒಂದರಲ್ಲಿ ಏಳು ಬಂದವು, ಎಲ್ಲವೂ ಬಲಿತವು. ಇವೇ ಕೊನೆಯವಿರಬಹುದು ಎನಿಸಿತು. ಬುಟ್ಟಿಯಿಂದ ತೆಗೆದು, ದೋಣಿಯ ಹಲಗೆಯ ಮೇಲಿಟ್ಟು, ನಿನ್ನ ಹೆಸರು ಹೇಳಿ ಒಂದೊಂದಾಗಿ ನೀರಿಗೆ ಬಿಟ್ಟೆ.

ಮುಳುಗಲಿಲ್ಲ, ಮಗಳೇ. ಬೆಂಡಿನಂತೆ ತೇಲಿದವು. ಧುಮುಕಿ ಒಂದೊಂದನ್ನೂ ಕೆಳಕ್ಕೆ ಒತ್ತಿದೆ. ನನಗಿಂತ ಮೊದಲೇ ಮೇಲೆ ಬಂದವು. ಬಿಸಿಲೇರಿತು. ಹದ್ದುಗಳು ಬಂದವು. ಮಧ್ಯಾಹ್ನದವರೆಗೆ ಹುಟ್ಟು ಬೀಸಿ ಓಡಿಸಿದೆ. ಅಷ್ಟರಲ್ಲಿ ಒಂದೂ ಮಿಸುಕುತ್ತಿರಲಿಲ್ಲ. ಏಳನ್ನೂ ತಂದು ಹಿತ್ತಲಲ್ಲಿ ಹೂತೆ. "ಚಿಪ್ಪಾದ್ರೂ ಇಟ್ಕೊಳ್ರೀ" ಅಂದಳು ಅಮ್ಮ. ಆಗಲಿಲ್ಲ.

ಕೆಳಗೆ ಇನ್ನೂ ಇವೆಯೇ? ತಿಳಿಯಬೇಕಾದರೆ ಬುಟ್ಟಿ ಇಳಿಸಬೇಕು. ಇಳಿಸುವ ಧೈರ್ಯ ನನಗಿಲ್ಲ. ಬೇಗ ಬಾ. ಬೈಯುವುದಕ್ಕಾದರೂ ಬಾ.

ಬಾಲ ಯೇಸು ನಿನ್ನನ್ನು ಕಾಯಲಿ. ವಾಡಿಕೆಯಂತೆ ನೀನು ಹಣೆಗೆ ಒತ್ತಿಕೊಳ್ಳಲೆಂದು ಈ ಕೈ ಚಾಚಲು ನಾಚಿಕೆಯಾಗುತ್ತದೆ. ಆದರೂ ಆಶೀರ್ವಾದ.

ನಿನ್ನ ಅಪ್ಪ
ತಿಬುರ್ಸಿಯೊ

ಮರೆತ ಮಾತು: ಜನವರಿಯ ನಿನ್ನ ಪತ್ರ ತಲುಪಲೇ ಇಲ್ಲ ಎಂದು ಅಮ್ಮನಿಂದ ಹೇಳಿಸಿದ್ದೆ. ತಲುಪಿತ್ತು. ಸಿಟ್ಟಿನಲ್ಲಿ ಒಡೆಯದೆ ಬಾಲ ಯೇಸುವಿನ ಮೂರ್ತಿಯ ಹಿಂದೆ ತುರುಕಿದ್ದೆ. ಮೊನ್ನೆ ಆ ಏಳನ್ನೂ ಹೂತು, ಕೈ ತೊಳೆದುಕೊಂಡು ಬಂದು ಒಡೆದೆ. "ಬಿಡೋ ಮನಸ್ಸಾದ್ರೆ, ಅಪ್ಪ, ನೀರಿಂದ ಮೇಲಕ್ಕೆ ಎತ್ತಬೇಡ. ಎತ್ತಿದ್ರೆ ಚಿಪ್ಪಿನೊಳಗೆ ಗಾಳಿ ಸೇರುತ್ತೆ, ಆಮೇಲೆ ಮುಳುಗೋಕಾಗಲ್ಲ." ಮೂರನೆಯ ಸಾಲಿನಲ್ಲೇ ಇತ್ತು.