ಹೂವಿಲ್ಲದೆ ಹಡಗೇರಿದ ಕಾರು

ನನ್ನ ಕಾರಿನ ಧರ್ಮತಾಯಿಯಾಗಿ ನನಗೆ ನೆಂಟಳಾದ ಪ್ರೀತಿಯ ಕೊಮಾದ್ರೆ ಬಾಸಿಲಿಯಾ,

ಅರಿಕಾ ಬಂದರಿನ ಬೇಲಿಯ ಪಕ್ಕ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಾವಿಬ್ಬರೂ ಹುಟ್ಟಾ ಕಾಣದ ಸಮುದ್ರ ಈಗ ನನ್ನ ಕಾಲಬುಡದಲ್ಲಿದೆ. ಮಂಜು ಇನ್ನೂ ಕರಗಿಲ್ಲ. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೋ ತಿಳಿಯುವುದಿಲ್ಲ. ಹಡಗುಗಳು ಗಾಳಿಯಲ್ಲೇ ನಿಂತಂತಿವೆ. ನಿನ್ನೆಯಿಂದ ಎಚ್ಚರವಿದ್ದೇನೋ ಕನಸಿನಲ್ಲಿದ್ದೇನೋ ನನಗೇ ಗೊತ್ತಿಲ್ಲ. ಕಣ್ಣು ಮುಚ್ಚಿದರೆ ನಮ್ಮ ನೀಲಿ ಕಾರು ಬ್ರೆಡ್ಡಿನ ಬುಟ್ಟಿಗಳನ್ನು ಹೊತ್ತು ಅಲೆಗಳ ಮೇಲೆ ಮೆಲ್ಲಗೆ ಹೋಗುತ್ತಿರುತ್ತದೆ, ಪಕ್ಕದ ಸೀಟಿನಲ್ಲಿ ನೀನು ತೂಕಡಿಸುತ್ತಿರುತ್ತೀಯ.

ಮೂಗಿಗಿಂತ ಮೂಗುತಿ ಭಾರ ಎಂದು ಬೆಟ್ಟದ ಮೇಲಿನ ನಮ್ಮೂರು ಎಲ್ ಆಲ್ತೊದ ಓಣಿಯೆಲ್ಲ ನಕ್ಕಿತು. ಹಳೇ ಕಾರನ್ನು ಸ್ಪೇನಿಗೆ ಸಾಗಿಸುವವರುಂಟೇ? ಆದರೆ ವಲೆನ್ಸಿಯಾದಲ್ಲಿ ನನ್ನ ಗಂಡ ಸೆನೋಬಿಯೊ ಒಲೆ ಹಚ್ಚಿ ಕಾಯುತ್ತಿದ್ದಾನೆ. ಅವನು ಬೇಯಿಸಿದ ಬ್ರೆಡ್ಡನ್ನು ಮನೆಮನೆಗೆ ಮುಟ್ಟಿಸಲು ನನ್ನ ಕೈಗೆ ಬಗ್ಗುವ ಕಾರು ಇದೊಂದೇ.

ಹೊರಡುವ ದಿನ ನೀನು ಮಾಡಿದ್ದೇನು ಹೇಳು! ಕಾರು ತೊಳೆದ ಪಾತ್ರೆಯ ಹಾಗೆ ಖಾಲಿ ಇರಬೇಕೆಂದು ಸಾಗಣೆಯವರು ಸಾರಿ ಸಾರಿ ಹೇಳಿದ್ದರು. ನೀನು ಕೇಳಬೇಕಲ್ಲ? "ಬರಿಗೈಲಿ ಬಂದೋಳನ್ನ ಸಮುದ್ರದಮ್ಮ ದಾಟಕ್ಕೆ ಬಿಡ್ತಾಳೇನೇ?" ಎನ್ನುತ್ತ ಚಕ್ರಗಳಿಗೆ ಬಿಯರ್ ಸುರಿದೆ, ಎಂಜಿನ್ನಿಗೂ ಸೀಟಿನ ಸಂದಿಗೂ ಹೂವಿನ ಎಸಳು ತುರುಕಿದೆ. ನಾನೂ ಬೇಡವೆನ್ನಲಿಲ್ಲ. ಧರ್ಮತಾಯಿ ಹರಸದ ಕಾರು ನಮ್ಮಲ್ಲಿ ಊರು ದಾಟಿದ್ದುಂಟೇ?

ಇಂದು ಬೆಳಿಗ್ಗೆ ಬಂದರಿನ ತಪಾಸಣೆಯವನು ಬಾನೆಟ್ ಎತ್ತಿ ಬೆಪ್ಪಾದ. "ಏನ್ ತಾಯಿ ಇದು, ಕಾರೋ ಮದುವೆ ಚಪ್ಪರಾನೋ? ಒಂದ್ ಎಸಳು ಕಂಡ್ರೂ ಹಡಗು ಹತ್ಸಲ್ಲ. ಮಧ್ಯಾಹ್ನಕ್ಕೆ ಗೇಟ್ ಮುಚ್ತೀವಿ" ಎಂದ.

ಗುಡಿಸಿದರೆ ನಿನ್ನ ಹಾರೈಕೆ ಹೋಗುತ್ತದೆ, ಬಿಟ್ಟರೆ ಹಡಗು ಹೋಗುತ್ತದೆ. ಅಳುತ್ತಲೇ ಗುಡಿಸಿದೆ. ತಲೆಯ ಪಿನ್ನು ತೆಗೆದು ಸಂದಿಗಳನ್ನು ಕೆದಕಿದೆ. ಎಸಳು ಮುಗಿದ ಮೇಲೆ ಬ್ರೆಡ್ಡಿನ ಪುಡಿ ಬಂತು, ನಮ್ಮ ಯಾವ ಯಾವ ಬೆಳಗಿನದೋ. ಕೊನೆಗೆ ಒಳಗೆ ಕೂತರೆ ಯಾರದೋ ಕಾರಿನಲ್ಲಿ ಕೂತಂತಾಯಿತು. ನಿನ್ನ ಮೇಲೆ ಸಿಟ್ಟು ಬಂತು, ನೀನು ಪಕ್ಕದಲ್ಲಿಲ್ಲವೆಂದು ದುಃಖವೂ ಬಂತು.

ತಪಾಸಣೆಯವನು ತಲೆಯಾಡಿಸಿ ಕೀಲಿಯನ್ನು ಬಂದರಿನ ಚಾಲಕನಿಗೆ ಕೊಟ್ಟ. ನಾನು ಬೇಲಿಯಾಚೆ ನಿಂತೆ. ಹಡಗಿಗೆ ಹತ್ತಿಸುವ ಹಲಗೆಯ ಮುಂದೆ ಬಂದದ್ದೇ ಕಾರು ಕೆಮ್ಮಿ ನಿಂತುಬಿಟ್ಟಿತು. ಚಾಲಕ ಕೀಲಿ ತಿರುಗಿಸಿಯೇ ತಿರುಗಿಸಿದ. ಜಪ್ಪಯ್ಯ ಅಂದರೂ ಕದಲಲಿಲ್ಲ. "ಈ ಗುಜರಿನ ಪಕ್ಕಕ್ಕೆ ತಳ್ರೋ, ಮಿಕ್ಕಿದ್ದು ಹೋಗ್ಲಿ!" ಎಂದು ಯಾರೋ ಕೂಗಿದರು.

ಆಗ ನನ್ನ ಬಾಯಿಂದ ನೀನು ಹೊರಬಂದೆ, ಬಾಸಿಲಿಯಾ. ನಾವು ಬ್ರೆಡ್ ಮಾರಲು ಹೊರಡುವಾಗ ನಸುಕಿನ ಚಳಿಯಲ್ಲಿ ದಿನವೂ ನೀನು ಕಾರಿಗೆ ಬೈಯುತ್ತಿದ್ದ ಹಾಗೆಯೇ ಕಿರುಚಿದೆ: "ಏಳೇ ಮೈಗಳ್ಳಿ! ಬ್ರೆಡ್ ತಣ್ಣಗಾಗ್ತಿದೆ, ನಿಮ್ಮಪ್ಪ ಬಂದು ಮಾರ್ತಾನೇನೇ?" ಬಂದರಿಗೆ ಬಂದರೇ ನಕ್ಕಿತು. ಕಾರು ಒಮ್ಮೆ ಮೈ ನಡುಗಿಸಿ ಎದ್ದಿತು, ಹಲಗೆಯೇರಿ ಒಳಗೆ ಹೋಯಿತು.

ನಿನ್ನ ಹೂವನ್ನೆಲ್ಲ ಗುಡಿಸಿ ಹಾಕಿದೆನಲ್ಲ ಎಂದು ಇನ್ನು ಅಳುವುದಿಲ್ಲ. ವಲೆನ್ಸಿಯಾದಲ್ಲೂ ದಿನಾ ಬೆಳಿಗ್ಗೆ ನನ್ನ ಬಾಯಲ್ಲಿ ನೀನೇ ಬೈಯುತ್ತೀಯ.

ಆ ನಿನ್ನ ಬಾಯಿ ನೂರು ವರ್ಷ ಸುಮ್ಮನಾಗದಿರಲಿ.

ನಿನ್ನ ಕೊಮಾದ್ರೆ,
ಹಸಿಂತಾ