ಬೊಚ್ಚಜ್ಜಿಯ ಒಳಹೆಸರು

ಗೋಕಾಕ
೨೦-೧೧-೧೯೬೬

ಚಿ. ಸೌ. ಶಿವಗಂಗವ್ವಳಿಗೆ ನಿನ್ನ ಅಪ್ಪ ಸೋಮಪ್ಪನ ಆಶೀರ್ವಾದಗಳು. ನೀನು, ಅಳಿಯ ಕೇದಾರಿ, ಮಕ್ಕಳಿಬ್ಬರು ದಿಲ್ಲಿಯ ಚಳಿಯಲ್ಲಿ ಬೆಚ್ಚಗಿದ್ದೀರೆಂದು ನಂಬಿದ್ದೇನೆ. ಇಲ್ಲಿ ನಾವೂ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಅದನ್ನು ಬಿಟ್ಟಿದ್ದೇನೆ, ಯಾಕೆಂಬುದನ್ನು ಮುಂದೆ ಬರೆಯುತ್ತೇನೆ.

ನಿನ್ನ ಪತ್ರ ಪಂಚಮಿಯ ಹೊತ್ತಿಗೆ ಬಂದಿತ್ತು. ನಾನು ದೀಪಾವಳಿ ದಾಟಿಸಿ ಉತ್ತರ ಬರೆಯುತ್ತಿದ್ದೇನೆ. "ಅವ್ವ ಇನ್ನೂ ಸಿಟ್ಟಿನಲ್ಲಿದ್ದಾಳೆ ಅಂತ ಕಾಣುತ್ತದೆ" ಎಂದು ನೀನು ಆಮೇಲೆ ಒಂದು ಕಾರ್ಡು ಹಾಕಿದೆಯಲ್ಲ, ಅದನ್ನು ನಿನ್ನವ್ವನಿಗೆ ಓದಿ ಹೇಳಲಿಲ್ಲ. ಸಿಟ್ಟಲ್ಲ ಶಿವಗಂಗಾ. ಸಿಟ್ಟಾಗಿದ್ದರೆ ನಾನು ಎಷ್ಟು ಸುಖವಾಗಿರುತ್ತಿದ್ದೆ.

ನಿನ್ನ ಗೊಂಬೆಗಳು ಟೆಲಿವಿಷನ್ನಿನಲ್ಲಿ ಬಂದವೆಂಬ ಪಂಚಮಿಯ ಆ ಪತ್ರ ನಮ್ಮ ಓಣಿಯಲ್ಲಿ ದೊಡ್ಡ ಗದ್ದಲ ಎಬ್ಬಿಸಿತು. ಟೆಲಿವಿಷನ್ ಎಂದರೆ ಏನು ಎಂದು ಎಲ್ಲರಿಗೂ ನಾನೇ ಬಿಡಿಸಿ ಹೇಳಬೇಕಾಯಿತು, ನಾನೇನೋ ಅದರೊಳಗೆ ಹುಟ್ಟಿ ಬೆಳೆದವನ ಹಾಗೆ. ರೇಡಿಯೋಕ್ಕೆ ಕಣ್ಣು ಬಂದ ಹಾಗೆ ಎಂದೆ. ನಮ್ಮ ಗೊಂಬೆಯಾಟಕ್ಕೆ ಢೋಲಕಿ ಬಾರಿಸುವ ಮೂಡಲಗಿಯ ದುರ್ಗಪ್ಪ ಬಹಳ ಹೊತ್ತು ಯೋಚನೆ ಮಾಡಿ, "ಅಲ್ರಿ ಸೋಮಪ್ಪಣ್ಣಾ, ಗೊಂಬಿ ಡಬ್ಬಿಯೊಳಗ ಹೊಕ್ಕಾವು ಖರೆ. ಶಿವಗಂಗವ್ವ ದಾರ ಎಲ್ಲಿಂದ ಜಗ್ಗತಾಳ?" ಎಂದು ಕೇಳಿದ. ನನಗೂ ಗೊತ್ತಿರಲಿಲ್ಲ. "ದಿಲ್ಲಿಯಿಂದ" ಎಂದುಬಿಟ್ಟೆ. ಅವನಿಗೆ ಸಮಾಧಾನವಾಯಿತು.

ನೀನು ಬರೆದದ್ದನ್ನು ನಿನ್ನವ್ವ ಎಷ್ಟು ಸಲ ಓದಿಸಿದಳೋ. ಸಾಲಿಯ ಹಜಾರದಲ್ಲಿ ಒಂದೇ ಒಂದು ಪೆಟ್ಟಿಗೆಯ ಮುಂದೆ ದೊಡ್ಡವರು, ಸಣ್ಣವರು ಎಲ್ಲ ಕೂಡಿ ಕುಳಿತು ನೋಡುತ್ತಾರೆ ಎಂಬುದು, ಪಟಗದಜ್ಜ ಹಾಡಿಗೆ ಕುಣಿಯುವುದು, ಸೊಸೆ ಅವನ ತಲೆಯ ಪಟಗ ಕಸಿದುಕೊಂಡು ಓಡುವುದು, ಕರಡಿ ಲಾಗ ಹಾಕಿ ಅಡ್ಡ ಬೀಳುವುದು. ನಾನು ಇಲ್ಲಿ ಪಡಸಾಲೆಯಲ್ಲಿ ಕೂತು ಕೆತ್ತಿದ ಗೊಂಬೆಗಳು. ಕರಡಿ ಬಿದ್ದಿತು ಎಂದು ಓದಿದಾಗ ನಿನ್ನವ್ವ ನಕ್ಕು, "ಅದರ ಎಡಗಾಲ ನೀವು ಗಿಡ್ಡ ಮಾಡೀರಿ, ಅದು ಬೀಳದ ಏನ ಮಾಡೀತು" ಎಂದಳು. ಆದರೆ ಪತ್ರದ ಕೊನೆಯನ್ನು ಇನ್ನೊಮ್ಮೆ ಓದಿಸಿದಳು. "ಇದು ಒಳ್ಳೆಯ ಸಂಸಾರ, ಆದರೆ ಮನೆಯಲ್ಲಿ ಅಜ್ಜಿ ಯಾಕಿಲ್ಲ?" ಎಂದು ಟೆಲಿವಿಷನ್ನಿನ ಸಾಹೇಬರು ಕೇಳಿದರಂತೆ. ನೀನೇ ಅರಿವೆಯಲ್ಲಿ ಒಂದು ಅಜ್ಜಿ ಮಾಡಿದೆಯಂತೆ. ಮಾತಾಡಿಸಲು ಮನಸ್ಸಾಗದೆ, ಬರೀ ತಲೆ ಅಲ್ಲಾಡಿಸುವ ಹಾಗೆ ಮೂಲೆಯಲ್ಲಿ ಕೂಡಿಸಿದ್ದೀಯಂತೆ.

ನಿನ್ನ ಮದುವೆಯ ಹೊತ್ತಿಗೆ ಆದದ್ದು ನಮ್ಮಿಬ್ಬರಿಗೂ ನೆನಪಿದೆ. ನೀನು ನಿನ್ನವ್ವನ ಹತ್ತಿರ ಬೊಚ್ಚುಬಾಯಿಯ ಅಜ್ಜಿಗೊಂಬೆ ಬೊಚ್ಚಜ್ಜಿಯನ್ನು ಕೇಳಿದೆ, ಅವಳು ಕೊಡಲಿಲ್ಲ. "ನಾ ಇನ್ನೂ ಬದುಕೇನಿ" ಎಂದು ಅಂದಳು. ನಾನು ನಿನಗೆಂದೇ ಹೊಸದಾಗಿ ಕೆತ್ತಿದ್ದ ಮೂರು ಗೊಂಬೆ ಮಾತ್ರ ಕಟ್ಟಿಕೊಂಡು, ನೀನು ಹೊಸ್ತಿಲಲ್ಲಿ ಹಿಂದಿರುಗಿ ನೋಡದೆ ಹೋದೆ. ನಿನ್ನ ಸಿಟ್ಟು ತಪ್ಪೆಂದು ನಾನು ಯಾವತ್ತೂ ಅನ್ನಲಿಲ್ಲ. ಆದರೆ ಅವಳ ಕಡೆಯಿಂದಲೂ ಒಮ್ಮೆ ನೋಡು. ನಮ್ಮ ಮನೆತನದಲ್ಲಿ ಗೊಂಬೆಗೆ ದಾರ ಕಟ್ಟುವ ಮೊದಲು, ಅದಕ್ಕೆ ದನಿ ಕೊಡುವ ಹೆಂಗಸು ಅದರ ಕಿವಿಯಲ್ಲಿ ಒಂದು ಒಳಹೆಸರು ಹೇಳುತ್ತಾಳೆ. ಅದು ಅವಳನ್ನು ಬಿಟ್ಟರೆ ಗಂಡನಿಗೂ ಗೊತ್ತಿರುವುದಿಲ್ಲ. ಪ್ರತಿ ಆಟದಲ್ಲೂ ಪರದೆ ಏಳುವ ಮುಂಚೆ ಆ ಹೆಸರು ಹಿಡಿದು ಎಬ್ಬಿಸಿದರೇನೇ ಗೊಂಬೆ ಬಾಯಿ ಬಿಡುವುದು. ಗೊಂಬೆಯನ್ನು ಬೇರೆಯವರಿಗೆ ಒಪ್ಪಿಸುವಾಗ ಅವರ ಬಲಗಿವಿಯಲ್ಲಿ ಅದನ್ನು ಒಂದೇ ಸಲ ಹೇಳಬೇಕು. ಆಮೇಲೆ ಹೇಳಿದವಳು ಆ ಹೆಸರನ್ನು ಮತ್ತೆಂದೂ ಆಡುವಂತಿಲ್ಲ, ಆ ದನಿ ತೆಗೆಯುವಂತಿಲ್ಲ. ಬೊಚ್ಚಜ್ಜಿಯ ದನಿ ಕೊಟ್ಟ ಮೇಲೆ ತನ್ನಲ್ಲಿ ಏನು ಉಳಿಯುತ್ತದೆ ಎಂದು ಅವಳಿಗೆ ಹೆದರಿಕೆಯಿತ್ತು. ಅದನ್ನು ಹಾಗೆ ಹೇಳಲು ಬರದೆ ನಿನಗೆ ಬಿರುಸಾಗಿ ಅಂದಳು.

ಮೂಲೆಯಲ್ಲಿ ಮೂಕಳಾಗಿ ಕೂತ ನಿನ್ನ ಅರಿವೆಯ ಅಜ್ಜಿ ಅವಳನ್ನು ಕರಗಿಸಿದಳು. "ಪಾಪ, ಅದನ್ನ ಹಂಗ ಕೂಡಿಸಬಾರದ್ರಿ. ದಸರಾ ಮುಗಿಲಿ, ದಿಲ್ಲಿಗೆ ಹೋಗೂಣು. ನಾನ ಶಿವಗಂಗಾನ ಕಿವಿಯಾಗ ಹೆಸರ ಹೇಳತೇನಿ" ಎಂದಳು. ನಿನಗೆ ಮೊದಲೇ ತಿಳಿಸಬಾರದು, ಬಾಗಿಲಲ್ಲಿ ನಿಂತು ಬೊಚ್ಚಜ್ಜಿಯ ದನಿಯಲ್ಲೇ ಕರೆಯಬೇಕು ಎಂದು ಹಟ ಹಿಡಿದಳು. ನಾನು ಬರೆಯದೆ ಉಳಿದದ್ದು ಅದಕ್ಕೇ.

ಶ್ರಾವಣದಲ್ಲಿ ಹುಕ್ಕೇರಿಯ ಸಾಲಿಯಲ್ಲಿ ಆಟವಿತ್ತು. ಬೊಚ್ಚಜ್ಜಿ ಸೊಸೆಯನ್ನು ಬೈಯುವಾಗ ನಿನ್ನವ್ವನ ದನಿ ಒಡೆಯಿತು. ಹುಡುಗರು ಅದನ್ನೂ ಆಟವೆಂದೇ ತಿಳಿದು ಬಿದ್ದು ಬಿದ್ದು ನಕ್ಕರು. ಜ್ಯೇಷ್ಠಮಧು ಅಗಿದಳು, ಶುಂಠಿ ಕಷಾಯ ಕುಡಿದಳು. ನಿಡಸೋಸಿಯ ಆಟದಲ್ಲಿ ಅರ್ಧಕ್ಕೇ ದನಿ ನಿಂತಿತು. ದುರ್ಗಪ್ಪ ಜೋರಾಗಿ ಢೋಲಕಿ ಬಾರಿಸಿ ಹೇಗೋ ಮುಗಿಸಿದ. ಸಂಕೇಶ್ವರದ ಡಾಕ್ಟರು ಬಾಯಿಯೊಳಗೆ ಬೆಳಕು ಬಿಟ್ಟು ನೋಡಿ, ನಮ್ಮ ಮುಖ ನೋಡದೆ ಮಿರಜಿನ ದೊಡ್ಡ ದವಾಖಾನೆಗೆ ಚೀಟಿ ಬರೆದುಕೊಟ್ಟರು.

ಇನ್ನು ಸುತ್ತಿಬಳಸಿ ಬರೆಯುವುದಿಲ್ಲ. ಗಂಟಲಿನಲ್ಲಿ ಗಡ್ಡೆ ಇತ್ತು. ಮಿರಜಿನ ಡಾಕ್ಟರು, ದನಿಯ ಪೆಟ್ಟಿಗೆಯನ್ನೇ ತೆಗೆಯಬೇಕು, ಬೆಳಗಾದರೆ ಆಪರೇಶನ್, ತಡಮಾಡಿದರೆ ಜೀವ ಉಳಿಯುವುದಿಲ್ಲ ಎಂದರು. ನಿನ್ನವ್ವ ಅಳಲಿಲ್ಲ. "ಶಿವಗಂಗಾ ಬರೂತನಕ ತಡೀತಾರೇನ ಕೇಳ್ರಿ" ಎಂದಳು. ಕೇಳಿದೆ. ಆಗುವುದಿಲ್ಲ ಎಂದರು. ತಾರು ಕೊಟ್ಟರೂ ನೀನು ಬರಲು ಎರಡು ದಿನ ಬೇಕು.

ಆ ಸಂಜೆ ಅವಳು ಮುಖ ತೊಳೆದು, ವಿಭೂತಿ ಹಚ್ಚಿಕೊಂಡು ನನ್ನನ್ನು ಕಾಟಿನ ಮೇಲೆ ಕೂಡಿಸಿದಳು. "ಗಂಡಸರಿಗೆ ಹೇಳೂ ಪದ್ಧತಿ ಇಲ್ಲ. ನೀವು ಇಟಗೊಳ್ಳಾಕಲ್ಲ, ಆಕೀಗೆ ಮುಟ್ಟಿಸಾಕ. ಒಯ್ದು ಆಕಿ ಕಿವಿಯಾಗ ಹಾಕ್ರಿ" ಎಂದಳು. ನನ್ನ ಬಲಗಿವಿಗೆ ಬಾಯಿ ಹಚ್ಚಿ ಬೊಚ್ಚಜ್ಜಿಯ ಒಳಹೆಸರು ಹೇಳಿದಳು. "ಕೇಳಿಸ್ತೇನ್ರಿ?" ಎಂದು ನನ್ನ ಮುಖ ನೋಡಿದಳು. ನಾನು ಹೂಂ ಎಂದೆ. ಒಂದು ದೊಡ್ಡ ಹೊರೆ ಇಳಿಸಿದವಳಂತೆ ಗೋಡೆಗೆ ಒರಗಿದಳು. ಆಮೇಲೆ ಚಪಾತಿ ತಂದಿದ್ದೀರೇನು ಎಂದು ಕೇಳಿದಳು.

ಈಗ ಜೀವಕ್ಕೆ ಭಯವಿಲ್ಲ. ಕೊರಳಿನ ತೂತಿಗೆ ತೆಳ್ಳನೆಯ ಬಟ್ಟೆ ಕಟ್ಟಿಕೊಂಡಿರುತ್ತಾಳೆ, ಉಸಿರು ಅಲ್ಲಿಂದಲೇ. ನನ್ನನ್ನು ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಾಳೆ. ಒಂದು ಚಪ್ಪಾಳೆಗೆ ನಾನು ಏಳದಿದ್ದರೆ ತಾಟು ಬಡಿಯುತ್ತಾಳೆ, ಆದ್ದರಿಂದ ಬೈಗುಳ ಪೂರ್ತಿ ತಪ್ಪಿಲ್ಲ ನನಗೆ. ಪಕ್ಕದ ಮನೆಯ ರಾಮವ್ವ ಬಂದು ತಾನೊಬ್ಬಳೇ ಮಾತಾಡಿ ಹೋಗುತ್ತಾಳೆ. ಅವಳು ಹೋದ ಮೇಲೆ ಮನೆ ಬಿಕೋ ಎನ್ನುತ್ತದೆ. ಇಷ್ಟು ವರ್ಷ ಒಂದೇ ಗಂಟಲಿನಿಂದ ಅಜ್ಜಿ, ಸೊಸೆ, ಕೂಸು ಎಲ್ಲ ಈ ಮನೆಯಲ್ಲಿ ಮಾತಾಡುತ್ತಿದ್ದರು. ನನಗೆ ಬಹಳ ದುಃಖವಾಗುತ್ತದೆ ಶಿವಗಂಗಾ, ಯಾರ ಮುಂದೆ ಹೇಳಲಿ?

ಅವಳೇ ನನಗಿಂತ ಗಟ್ಟಿ. ದೀಪಾವಳಿಗೆ ಬೊಚ್ಚಜ್ಜಿಗೆ ಇಳಕಲ್ ಸೀರೆಯ ತುಂಡಿನಲ್ಲಿ ಹೊಸದು ಉಡಿಸಿದಳು. ನಿನ್ನ ಹೆಸರೆತ್ತಿದರೆ ಗೊಂಬೆಯನ್ನು ತೋರಿಸಿ, ನನ್ನ ಕಿವಿ ಮುಟ್ಟಿ, ಬಡಗಣ ದಿಕ್ಕಿಗೆ ಕೈಮಾಡಿ ನಗುತ್ತಾಳೆ. ತನ್ನದೆಲ್ಲ ಹೋದರೂ ದನಿಯೊಂದು ಮಗಳಿಗೆ ಮುಟ್ಟುತ್ತದೆ ಎಂಬ ಧೈರ್ಯ ಅವಳದು. ಸಂಕ್ರಮಣಕ್ಕೆ ನೀವೆಲ್ಲರೂ ಬನ್ನಿ. ಬಂದ ಕೂಡಲೇ ಅಳಬೇಡ. ಅವಳು ತನ್ನೆದುರಿನಲ್ಲೇ ಹೆಸರು ಒಪ್ಪಿಸಬೇಕೆಂದು ಕಾಯುತ್ತಿದ್ದಾಳೆ.

ಅಳಿಯಂದಿರಿಗೆ ಆಶೀರ್ವಾದ, ಮೊಮ್ಮಕ್ಕಳ ಗಲ್ಲಕ್ಕೆ ಮುತ್ತು. ಬಸವಣ್ಣ ನಿಮ್ಮನ್ನು ತಂಪಾಗಿ ಇಟ್ಟಿರಲಿ.

ನಿನ್ನ ಅಪ್ಪ,
ಸೋಮಪ್ಪ

ತಾ. ಕ.: ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಪತ್ರ ಓದಿದ ಮೇಲೆ ಹರಿದುಬಿಡು. ಹೋದ ಮಳೆಗಾಲದಲ್ಲಿ ನನ್ನ ಬಲಗಿವಿ ಸೋರಿ ಸೋರಿ ಪೂರ್ತಿ ಕೆಟ್ಟುಹೋಗಿದೆ. ಆಟ ನಿಂತೀತೆಂದು ನಿನ್ನವ್ವನಿಗೆ ತಿಳಿಸಿರಲಿಲ್ಲ. ಪರದೆಯ ಹಿಂದೆ ಅವಳು ನನ್ನ ಎಡಕ್ಕೇ ನಿಲ್ಲುತ್ತಿದ್ದಳು, ಹಾಗಾಗಿ ಗೊತ್ತಾಗಲಿಲ್ಲ. ಮಿರಜಿನಲ್ಲಿ ಅವಳು ಹೇಳಿದಾಗ ಅವಳ ಬಿಸಿ ಉಸಿರು ತಾಗಿತು, ಅಷ್ಟೇ. ಆ ಕಿವಿಗೆ ಒಂದಕ್ಷರವೂ ಬೀಳಲಿಲ್ಲ. ಎಡಗಿವಿಯಲ್ಲಿ ಇನ್ನೊಮ್ಮೆ ಹೇಳು ಎನ್ನಬೇಕೆಂದು ಬಾಯಿ ತೆರೆದೆ. ಆದರೆ ಹೆಸರು ಎರಡು ಸಲ ಹೇಳುವಂತಿಲ್ಲ, ಹೇಳಿದ್ದು ಹಾಳಾಯಿತು ಎಂಬ ಸಂಕಟದಲ್ಲೇ ಅವಳನ್ನು ಆಪರೇಶನ್ನಿಗೆ ಕಳಿಸಬೇಕಾಗುತ್ತಿತ್ತು. ಹೂಂ ಎಂದುಬಿಟ್ಟೆ. ಈಗ ಅವಳಿಗೆ ದನಿಯಿಲ್ಲ, ಅಕ್ಷರವಂತೂ ಮೊದಲೇ ಬರದು. ಆ ಹೆಸರು ಅವಳೊಬ್ಬಳಲ್ಲೇ ಉಳಿಯಿತು. ನೀನು ಬಂದಾಗ ಅವಳ ಮುಂದೆ ನಿನ್ನ ಕಿವಿಗೆ ಬಾಯಿ ಹಚ್ಚಿ ನಾನು ತುಟಿ ಆಡಿಸುತ್ತೇನೆ. ಏನೂ ಕೇಳಿಸುವುದಿಲ್ಲ. ಆದರೂ ಹೂಂ ಅನ್ನು ಮಗಳೇ. ಅವಳು ನಿನ್ನ ಮುಖವನ್ನೇ ನೋಡುತ್ತಿರುತ್ತಾಳೆ.