ದೊರೆ ಕಚ್ಚಿದ ಕೈ

ಮನೆಯಿಂದ,
ಹನ್ನೆರಡನೇ ತಾರೀಖು, ಮಂಗಳವಾರ ಬೆಳಿಗ್ಗೆ

ಮುದ್ದಿನ ಮಗಳಿಗೆ ಅಪ್ಪನ ನೂರು ಆಶೀರ್ವಾದಗಳು.

ಹೇಗಿದ್ದೀಯಮ್ಮ? ಕೆಮ್ಮು ಬಿಟ್ಟಿತೇ? ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀಯಾ? ಇಲ್ಲಿ ನಾವಿಬ್ಬರೂ ಗಟ್ಟಿಯಾಗಿದ್ದೇವೆ. ಅಮ್ಮನ ಮಂಡಿನೋವು ಮಾತ್ರ ಕರೆಯದೆ ಬಂದ ನೆಂಟನ ಹಾಗೆ ಕೂತುಬಿಟ್ಟಿದೆ, ಹೋಗುವ ಮಾತೇ ಇಲ್ಲ. ನಿನ್ನ ಕಾಗದ, ಅದರೊಳಗಿನ ಫೋಟೊ ಎರಡೂ ಶುಕ್ರವಾರ ಕೈಸೇರಿದವು. ನಾಲ್ಕು ಪುಟ ಬರೆದಿದ್ದೀಯ, ನಾಲ್ಕೂ ನಾಯಿಮರಿಯ ವಿಷಯ. ನಿನ್ನ ವಿಷಯ ಒಂದು ಸಾಲೂ ಇಲ್ಲ. ಅಮ್ಮ ಎರಡು ಸಲ ಓದಿಸಿಕೊಂಡಳು. ಮರಿಗೆ ಮೇಷ್ಟ್ರು ಎಂದು ಹೆಸರಿಟ್ಟಿದ್ದೀಯಂತೆ. ಮೇಷ್ಟ್ರಿಗೇ ಪಾಠ ಹೇಳಬೇಕಾದ ಕಾಲ ಬಂತಲ್ಲ. ಹತ್ತೊಂಬತ್ತು ವರ್ಷ ಕಬ್ಬಿಣದ ಗೋದಾಮಿನ ಕಾವಲು ನಾಯಿಗಳನ್ನು ನೋಡಿಕೊಂಡವನು ನಾನು, ನನ್ನನ್ನು ಕೇಳಿದ್ದು ಒಳ್ಳೆಯದಾಯಿತು. ಈ ಕಾಗದವನ್ನು ಅಳಿಯಂದಿರಿಗೂ ತೋರಿಸು.

ಮೊದಲು ಹೊಟ್ಟೆಯ ವಿಷಯ. ಮೂರು ತಿಂಗಳ ಮರಿಗೆ ದಿನಕ್ಕೆ ಮೂರು ಸಲ, ಅದೇ ಹೊತ್ತಿಗೆ, ಅದೇ ತಟ್ಟೆಯಲ್ಲಿ ಹಾಕು. ಇಪ್ಪತ್ತು ನಿಮಿಷ ನೋಡಿ ತಟ್ಟೆ ತೆಗೆದುಬಿಡು. ನೀರು ಮಾತ್ರ ಯಾವಾಗಲೂ ಇರಲಿ. ಈರುಳ್ಳಿ, ಚಾಕೊಲೇಟು, ಬೇಯಿಸಿದ ಮೂಳೆ ಅದರ ಬಾಯಿಗೆ ಬೀಳಕೂಡದು. ಹುಳದ ಔಷಧಿ, ಹುಚ್ಚುನಾಯಿ ರೋಗದ ಚುಚ್ಚುಮದ್ದು ತಪ್ಪಿಸಬೇಡ. ನಿದ್ದೆಯಿಂದ ಎದ್ದ ಕೂಡಲೇ, ತಿಂದ ಕೂಡಲೇ ಹೊರಗೆ ಕರೆದುಕೊಂಡು ಹೋಗು. ಹೊರಗೆ ಮಾಡಿದರೆ ಅಲ್ಲೇ ಒಂದು ಚೂರು ತಿನ್ನಲು ಕೊಡು. ಮನೆಗೆ ಬಂದು ಕೊಟ್ಟರೆ ಯಾಕೆ ಕೊಟ್ಟೆ ಎಂದು ಅದಕ್ಕೆ ತಿಳಿಯುವುದಿಲ್ಲ. ಚಪ್ಪಲಿ ಕಡಿಯುತ್ತದೆ ಎಂದಿದ್ದೀಯ. ಕಡಿಯದೆ ಏನು ಮಾಡೀತು, ಹಲ್ಲು ಬರುವ ವಯಸ್ಸು. ಹಳೇ ಬಟ್ಟೆ ಗಂಟು ಹಾಕಿ, ನೀರಲ್ಲಿ ನೆನೆಸಿ ಕೊಡು. ಚಪ್ಪಲಿ ಎತ್ತರದಲ್ಲಿಡು.

ಆ ಚಪ್ಪಲಿಗಾಗಿ ಅಳಿಯಂದಿರು ಬೆಲ್ಟು ಬಿಚ್ಚಿದ್ದು, ಮಂಚದಡಿ ಸೇರಿದ ಮರಿಯನ್ನು ಹಿಂಗಾಲು ಹಿಡಿದೆಳೆದು ಬಾಸುಂಡೆ ಬರುವಂತೆ ಬಾರಿಸಿದ್ದು, ಉಚ್ಚೆಯಲ್ಲೇ ಅದರ ಮೂತಿ ಉಜ್ಜಿದ್ದು, ಈಗ ಅವರು ಗೇಟು ತೆಗೆದ ಸದ್ದಿಗೇ ಅದು ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುವುದು, ಎಲ್ಲ ಬರೆದಿದ್ದೀಯ. ಕೊನೆಗೆ ‘ಅವರಿಗೆ ಕೋಪ ಬಂದಾಗ ಅಷ್ಟೇ, ಆಮೇಲೆ ಸರಿಹೋಗ್ತಾರೆ’ ಅಂತ ಒಂದು ಸಾಲು ಸೇರಿಸಿದ್ದೀಯ. ನಾನೂ ಸರಿಹೋಗುತ್ತಿದ್ದೆನಮ್ಮ. ಹೊಡೆದ ಮೇಲೆ ಬಿಸ್ಕತ್ತು ಕೊಡುತ್ತಿದ್ದೆ. ನಾಯಿ ಬಿಸ್ಕತ್ತು ಮುಟ್ಟುತ್ತಿರಲಿಲ್ಲ, ನನ್ನ ಕೈಯನ್ನೇ ನೋಡುತ್ತಿತ್ತು.

ದೊರೆಯ ಕಥೆ ನಿನಗೆ ಅರ್ಧ ಮಾತ್ರ ಗೊತ್ತು. ನನ್ನ ಎಡಗೈಯ ಎರಡು ಬೆರಳು ಯಂತ್ರಕ್ಕೆ ಸಿಕ್ಕಿ ಹೋದವು ಎಂದು ನಿನಗೆ ಹೇಳಿದ್ದು ಸುಳ್ಳು. ದೊರೆ ಎಂದರೆ ಗೋದಾಮಿನ ಕರಿ ನಾಯಿ, ಕರುವಿನಷ್ಟು ಎತ್ತರ. ದಂಡಂ ದಶಗುಣಂ ಎಂದು ನಂಬಿದ್ದವನು ನಾನು. ರಬ್ಬರ್ ಪೈಪಿನಲ್ಲಿ ಹೊಡೆದೆ, ಸರಪಳಿಯಲ್ಲಿ ಹೊಡೆದೆ, ಕೂತರೂ ಹೊಡೆದೆ, ನಿಂತರೂ ಹೊಡೆದೆ. ಒಂದು ಸಲ ಕಿವಿ ಹರಿದು ನೇತಾಡಿತು, ಅದರ ಮೇಲೂ ಒಂದು ಬಿಟ್ಟೆ. ಗುರ್ ಎಂದಾಗಲೆಲ್ಲ ಬಾಯಿಯ ಮೇಲೇ ಕೊಟ್ಟೆ. ಆಮೇಲೆ ಎರಡು ವರ್ಷ ಅದು ತುಟಿ ಪಿಟಕ್ಕೆನ್ನಲಿಲ್ಲ. ನಾಯಿ ಅಂದ್ರೆ ಹೀಗಿರಬೇಕು ಎಂದು ಎಲ್ಲರೂ ಹೊಗಳಿದರು, ನಾನೂ ಉಬ್ಬಿದೆ. ಒಂದು ಬೆಳಿಗ್ಗೆ ಮೊಳೆಗೆ ತೂಗುಹಾಕಿದ್ದ ಟೋಪಿ ತೆಗೆದುಕೊಳ್ಳಲು ಕೈ ಎತ್ತಿದೆ, ಅಷ್ಟೇ. ಅದು ಗುರ್ ಎನ್ನಲಿಲ್ಲ, ಬೊಗಳಲಿಲ್ಲ. ಆ ಎಚ್ಚರಿಕೆಯನ್ನು ನಾನೇ ಹೊಡೆದು ಸಾಯಿಸಿದ್ದೆನಲ್ಲ. ಹಾರಿ ಕೈ ಹಿಡಿದು, ಒದ್ದೆ ಬಟ್ಟೆ ಒದರಿದಂತೆ ಒದರಿತು. ಮೂಳೆ ಮುರಿದದ್ದು ನನಗೇ ಕೇಳಿಸಿತು. ಎರಡು ಬೆರಳು ಸಿಮೆಂಟು ನೆಲದ ಮೇಲೆ ಬಿದ್ದಿದ್ದವು. ನಾಲ್ವರು ಕಾವಲುಗಾರರು ಕಬ್ಬಿಣದ ಸರಳು ಹಿಡಿದು ಓಡಿಬಂದರು. ಬೆನ್ನು ಮುರಿದ ಮೇಲೂ ಅದು ಮುಂಗಾಲಲ್ಲೇ ತೆವಳಿಕೊಂಡು ನನ್ನ ಕಡೆಗೆ ಬಂತು. ಮತ್ತೆ ಕಚ್ಚುತ್ತದೆ ಅಂದುಕೊಂಡೆ. ನನ್ನ ಬೂಟಿನ ಮೇಲೆ ತಲೆ ಇಟ್ಟಿತು. ಅಲ್ಲೇ ಅದರ ತಲೆ ಒಡೆದರು. ಅವರು ಒಂದು ಕ್ಷಣ ಕೈ ತಡೆದಿದ್ದರು. ‘ಹಾಕ್ರೋ’ ಅಂದವನು ನಾನು.

ಆ ಸಂಜೆ ಬ್ಯಾಂಡೇಜು ಸುತ್ತಿಕೊಂಡು ಮನೆಗೆ ಬಂದೆ. ನಿನಗೆ ಒಂಬತ್ತು ವರ್ಷ, ನೀನು ಕಪಾಟಿನ ಪಕ್ಕ ಕೂತು ಶಾಲೆಯ ಪಾಠ ಬರೆಯುತ್ತಿದ್ದೆ. ನಾನು ಕಪಾಟಿನ ಮೇಲಿದ್ದ ಮಾತ್ರೆ ಡಬ್ಬಿಗೆ ಬಲಗೈ ಚಾಚಿದೆ. ನೀನು ಎಡಭುಜವನ್ನು ಕಿವಿಯವರೆಗೆ ಎತ್ತಿ, ಕಣ್ಣು ಮುಚ್ಚಿ, ತಲೆ ಒಳಗೆಳೆದುಕೊಂಡೆ. ಹಾಲು ಚೆಲ್ಲಿದ್ದಕ್ಕೆ ಹೊಡೆದಿದ್ದೆ, ಎದುರು ಮಾತಾಡಿದ್ದಕ್ಕೆ ಹೊಡೆದಿದ್ದೆ, ಮಾತಾಡದೆ ಇದ್ದದ್ದಕ್ಕೂ ಹೊಡೆದಿದ್ದೆ. ಒಂದು ಸಲ ನಿನ್ನ ತುಟಿ ಒಡೆದು ಅಂಗಿಯೆಲ್ಲ ರಕ್ತವಾಗಿತ್ತು, ಅಮ್ಮನಿಗೆ ‘ಬಿದ್ದೆ’ ಎಂದು ನಿನ್ನ ಬಾಯಲ್ಲೇ ಹೇಳಿಸಿದ್ದೆ. ದೊರೆ ಸತ್ತ ಆ ಸಂಜೆಯಿಂದ ನಿನ್ನ ಮೇಲೆ ಕೈ ಮಾಡಲಿಲ್ಲ, ನೀನೂ ಗಮನಿಸಿರಬೇಕು. ಆದರೆ ತಪ್ಪಾಯಿತು ಎಂದು ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ, ತಪ್ಪಾಯಿತಮ್ಮ.

ನಾಯಿಯ ವಿಷಯ ಬಿಟ್ಟು ಎಲ್ಲಿಗೋ ಹೋದೆ. ಹೆದರಿದ ನಾಯಿಯನ್ನು ಕರೆಯುವುದನ್ನು ನಾನು ಕಲಿತದ್ದು ದೊರೆ ಸತ್ತ ಮೇಲೆ ಬಂದ ನಾಯಿಯಿಂದ. ಎದುರು ನಿಂತು ಕೈ ಎತ್ತಿ ಕರೆಯಬೇಡ. ಕುಕ್ಕರುಗಾಲಲ್ಲಿ ಕೂತು, ಕೈ ಕೆಳಗಿಟ್ಟು, ಮುಖ ಸ್ವಲ್ಪ ಆಚೆ ತಿರುಗಿಸಿಕೊಂಡು ಸುಮ್ಮನಿರು. ಅದೇ ತಾನಾಗಿ ಬರುತ್ತದೆ. ಬಂದ ಮೇಲೆ ಹಳೇ ತಪ್ಪು ಕೆದಕಬೇಡ. ಕರೆದಾಗ ಬಂದು ಹೊಡೆತ ತಿಂದ ನಾಯಿ ಇನ್ನೊಂದು ಸಲ ಬರುವುದಿಲ್ಲ.

ನಿಮ್ಮೂರಿನ ಕಡೆ ಹೊರಟಿರುವ ಲಾರಿ ಡ್ರೈವರ್ ಕೈಯಲ್ಲಿ ಈ ಕಾಗದದ ಜೊತೆ ಬಟ್ಟೆಯ ಕೊರಳಪಟ್ಟಿ, ಉದ್ದ ಹಗ್ಗ, ಕಚ್ಚದಂತೆ ಬಾಯಿಗೆ ಹಾಕುವ ಬುಟ್ಟಿ ಕಳಿಸುತ್ತಿದ್ದೇನೆ. ಬುಟ್ಟಿಯನ್ನು ಶಿಕ್ಷೆಗೆ ಬಳಸಬೇಡ. ಒಳಗೆ ಒಂದು ಚೂರು ಮೊಟ್ಟೆ ಇಟ್ಟರೆ ಅದೇ ಮೂತಿ ತೂರಿಸುತ್ತದೆ, ಮೂರು ದಿನದಲ್ಲಿ ರೂಢಿಯಾಗುತ್ತದೆ. ಅಮ್ಮನ ಆಶೀರ್ವಾದ. ಅಳಿಯಂದಿರಿಗೆ ನಮಸ್ಕಾರ ತಿಳಿಸು. ಮೇಷ್ಟ್ರ ಕಿವಿಯ ಹಿಂದೆ ನನ್ನ ಪರವಾಗಿ ತುರಿಸು.

ಇಂತಿ ನಿನ್ನ
ಅಪ್ಪ

ಮರೆತಿದ್ದು: ಡ್ರೈವರ್ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅಳಿಯನಿಗೆ ತೋರಿಸು ಎಂದು ಮೇಲೆ ಬರೆದೆ. ಬೇಡ. ಎಲ್ಲವನ್ನೂ ಮನೆಗೆ ಕಳಿಸದೆ ನೀನು ಕೆಲಸ ಮಾಡುವ ಲಾಂಡ್ರಿಗೆ ಕಳಿಸುತ್ತಿದ್ದೇನೆ, ಕಾಗದ ಓದಿ ಅಲ್ಲೇ ಒಲೆಗೆ ಹಾಕು. ಫೋಟೊ ತೆಗೆದವನು ಅವನೇ ತಾನೇ? ಮರಿ ಕಿವಿ ಹಿಂದಕ್ಕೆ ಅಂಟಿಸಿ, ಬಾಲ ಹೊಟ್ಟೆಯಡಿ ಸೇರಿಸಿ ಅವನನ್ನೇ ನೋಡುತ್ತಿದೆ. ನೀನು ನಗುತ್ತಿದ್ದೀಯ, ಆದರೆ ನಿನ್ನ ಎಡಭುಜ ಮೇಲಿದೆ. ಆ ಭುಜ ನನಗೆ ಗೊತ್ತಮ್ಮ. ಅದನ್ನು ಕಲಿಸಿದವನೇ ನಾನು. ಶನಿವಾರ ಹತ್ತು ಗಂಟೆಯ ಬಸ್ಸಿಗೆ ಮೇಷ್ಟ್ರನ್ನು ಕರೆದುಕೊಂಡು ಬಂದುಬಿಡು. ಬಾಯಿಗೆ ಬುಟ್ಟಿ ಇದ್ದರೆ ಬಸ್ಸಿನವರು ನಾಯಿ ಹತ್ತಿಸಿಕೊಳ್ಳುತ್ತಾರೆ, ಕಳಿಸಿದ್ದು ಅದಕ್ಕೇ. ಅಮ್ಮ ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಾಳೆ. ನಾನು ಬಸ್ ನಿಲ್ದಾಣದಲ್ಲಿರುತ್ತೇನೆ. ಕೈ ಎತ್ತಿ ಕರೆಯುವುದಿಲ್ಲ, ಕೆಳಗಿಟ್ಟುಕೊಂಡೇ ನಿಂತಿರುತ್ತೇನೆ.